ನೆತ್ತಿಗೆ ನೀರು ಹಾಕಿದ ನರ್ಸಮ್ಮ

ನರ್ಸಮ್ಮನ ಕೈ ತೆಳ್ಳಗೆ, ಉದ್ದ. ಎರಡೂ ಕೈಗೆ ಅರ್ಧರ್ಧ ಡಜನ್ ಹಸಿರು ಗಾಜಿನ ಬಳೆ. ಹೆರಿಗೆ ಕೋಣೆಯ ಹೊಸ್ತಿಲಲ್ಲಿ ನಿಂತು ಆ ಬಳೆಗಳನ್ನು ಮೊಣಕೈ ಹತ್ತಿರದವರೆಗೆ ಏರಿಸಿ, ಮೇಲೊಂದು ಬಿಳಿ ಬಟ್ಟೆಯ ಪಟ್ಟಿ ಸುತ್ತಿ, ಹಲ್ಲಿನಲ್ಲಿ ಎಳೆದು ಗಂಟು ಹಾಕುತ್ತಿದ್ದರು. ಅಲ್ಲಿಯವರೆಗೆ ಗಲಗಲ ಅನ್ನುತ್ತಿದ್ದ ಕೈ ತಟ್ಟನೆ ಮೂಕವಾಗುತ್ತಿತ್ತು. ಗಂಗಾನಗರ, ಹೆಬ್ಬಾಳದ ಸುತ್ತ ಆ ಕಾಲದಲ್ಲಿ ಮನೆಯಲ್ಲೇ ಹೆತ್ತ ಹೆಂಗಸರಿಗೆಲ್ಲ ಗೊತ್ತು. ನರ್ಸಮ್ಮನ ಬಳೆ ಸದ್ದು ನಿಂತಿತು ಅಂದರೆ ಇನ್ನು ತಡವಿಲ್ಲ.

ಅವರು ಹೆಬ್ಬಾಳದ ಹಳೇ ಊರಿನವರು. ಹೊಲ, ತೋಟ, ಎಮ್ಮೆ ಇದ್ದ ಮನೆ. ಹುಡುಗಿಯಾಗಿದ್ದಾಗ ಕನ್ಯಾಸ್ತ್ರೀಯರ ಆಸ್ಪತ್ರೆಯೊಂದರಲ್ಲಿ ಹೆರಿಗೆ ಕೆಲಸ ಕಲಿತಿದ್ದರು. ಶನಿವಾರ ತಪ್ಪದೆ ಆಂಜನೇಯನ ಗುಡಿಗೆ ಹೋಗುತ್ತಿದ್ದರು. ಹಣೆಯಲ್ಲಿ ಕಾಸಗಲ ಕುಂಕುಮ, ಮೈಯಲ್ಲಿ ಕಾರ್ಬಾಲಿಕ್ ಸೋಪಿನ ವಾಸನೆ, ಕೈಯಲ್ಲಿ ಸೊಟ್ಟಗಾದ ಅಲ್ಯೂಮಿನಿಯಂ ಪೆಟ್ಟಿಗೆ. ಹೆರಿಗೆಗೆ ಹೋದ ಮನೆಯಲ್ಲಿ ಕಾಫಿ ಕೊಟ್ಟರೆ, "ಮೊದ್ಲು ಕೂಸಿನ ಕೂಗು, ಆಮ್ಯಾಕೆ ಕಾಫಿ" ಅನ್ನುವುದು ಅವರ ನೇಮ. ಎಷ್ಟು ಹೊತ್ತಾದರೂ ಸರಿ, ಮಗು ಚೆನ್ನಾಗಿ ಅತ್ತ ಮೇಲೆಯೇ ಲೋಟ ಮುಟ್ಟುವುದು.

ನಾವು ಕಥೋಲಿಕ ಕ್ರೈಸ್ತರು. ಆಗ ನಮ್ಮ ಬೀದಿಯಲ್ಲಿ ನಮ್ಮದೊಂದೇ ಶಿಲುಬೆ ಇದ್ದ ಮನೆ. ಎಪ್ಪತ್ತರ ದಶಕದ ನಡುವಿನ ಮಾತು. ನಾನು ಚೊಚ್ಚಲ ಬಸುರಿ. ನರ್ಸಮ್ಮ ವಾರಕ್ಕೊಮ್ಮೆ ಬಂದು ಹೊಟ್ಟೆ ಮುಟ್ಟಿ ನೋಡಿ, ಕಾಲು ಬಾತಿದೆಯೇ ಅಂತ ಬೆರಳಿಂದ ಒತ್ತಿ, ಸ್ವಲ್ಪ ಹೊತ್ತು ಮಾತಾಡಿ ಹೋಗುತ್ತಿದ್ದರು. ಅಂಥ ಒಂದು ದಿನ ಗೋಡೆಯ ಮೇಲಿನ ಶಿಲುಬೆ ನೋಡುತ್ತಾ ಅವರೇ ಹೇಳಿದರು:

"ನಂಗೂ ನಿಮ್ಮ ಜ್ಞಾನಸ್ನಾನ ಕೊಡಾಕೆ ಬತ್ತದೆ ಕಣವ್ವ. ಸಿಸ್ಟರ್‌ಗಳು ಕಲಿಸವ್ರೆ. ಕೂಸು ಉಳಿಯಾಕಿಲ್ಲ ಅನ್ನಂಗಿದ್ರೆ, ನಿಮ್ಮ ಚರ್ಚಿನ ಸ್ವಾಮಿಗಳು ಬರೋಗಂಟ ಕಾಯಾಕಾಗದಿದ್ರೆ, ಯಾರು ಬೇಕಾದ್ರೂ ಮಾಡಬೌದಂತೆ. ನೀರು ಚರ್ಮ ಮುಟ್ಟಿ ಅರಿಬೇಕು, ನೀರು ಉಯ್ಯೋ ಕೈನೋರೇ ದೇವರ ಎಸ್ರಿನ ಮಾತೂ ಏಳಬೇಕು. ಎಲ್ಡೂ ಒಟ್ಟಿಗೆ."

"ಎಷ್ಟು ಮಕ್ಕಳಿಗೆ ಮಾಡಿದ್ದೀರಿ ನರ್ಸಮ್ಮ?"

"ಕೇಳ್ದೋರಿಗೆ ಮಾಡಿವ್ನಿ. ಒಂದ್ಸಲ ಒಬ್ರು ಸಿಸ್ಟರು, ಬ್ಯಾರೆ ಜನದ ಕೂಸು, ಸಾಯ್ತಾ ಅದೆ, ಸುಮ್ಕೆ ನೀರು ಹಾಕ್ಬಿಡು ಅಂದ್ರು. ಕೂಸಿನವ್ವ ಕೇಳಿಲ್ಲ ಸಿಸ್ಟರೇ, ನಾನು ಹಾಕಾಕಿಲ್ಲ ಅಂದೆ. ಎರಡು ದಿನ ಮಾತು ಬಿಟ್ಟಿದ್ರು ನನ್ನ ಜೊತೆ." ಹೇಳಿ ನಕ್ಕರು. ನಾನೂ ನಕ್ಕೆ. ಆ ಮಾತು ನನಗೇ ಬೇಕಾಗುತ್ತದೆ ಅಂತ ಆಗ ಅನ್ನಿಸಿರಲಿಲ್ಲ.

ಎಂಟನೇ ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ಹತ್ತು ಗಂಟೆಗೆ ನೋವು ಬಂತು. ನಮ್ಮವರಿಗೆ ಯಶವಂತಪುರದ ಕಾರ್ಖಾನೆಯಲ್ಲಿ ಕೆಲಸ, ಆ ವಾರ ಸೆಕೆಂಡ್ ಶಿಫ್ಟ್. ಮನೆಯಲ್ಲೇ ಇದ್ದರು, ಅದೊಂದು ದೇವರ ದಯೆ. ಸೈಕಲ್ ಕ್ಯಾರಿಯರ್ ಮೇಲೆ ನರ್ಸಮ್ಮನನ್ನು ಕೂರಿಸಿಕೊಂಡು ಬಂದರು. ಆಟೋ ತರಿಸಿ ಆಸ್ಪತ್ರೆಗೆ ಹೊರಡೋಣ ಅನ್ನುವಷ್ಟರಲ್ಲಿ ಹೆರಿಗೆಯಾಗಿಯೇ ಹೋಯಿತು. ಹೆಣ್ಣು ಮಗು. ಒಂದು ಮೊಳವೂ ಇಲ್ಲ. ಅಳಲಿಲ್ಲ. ಬೆಕ್ಕಿನ ಮರಿಯಂತೆ ಒಂದು ಸಣ್ಣ ಸ್ವರ, ಅಷ್ಟೆ. ತುಟಿ ನೀಲಿ.

ನರ್ಸಮ್ಮ ಬಾಯಿ ಸ್ವಚ್ಛ ಮಾಡಿದರು, ಬೆನ್ನು ಉಜ್ಜಿದರು, ಬಾಯಿಗೆ ಬಾಯಿಟ್ಟು ಉಸಿರು ಊದಿದರು. ಮಗುವನ್ನು ಪಕ್ಕದಲ್ಲಿದ್ದ ನಮ್ಮತ್ತೆಯ ಕೈಗೆ ಕೊಟ್ಟು, "ಬೆಚ್ಚಗೆ ಸುತ್ತಿ, ಎದೆಗೆ ಅವಚ್ಕಳಿ" ಅಂದು, ಮಾಸು ಬೀಳಿಸಲು ನನ್ನ ಕಡೆ ತಿರುಗಿದರು. ಅತ್ತೆ ಗಾಬರಿಯಲ್ಲಿದ್ದರೂ ರೂಢಿ ಬಿಡಲಿಲ್ಲ. ಗೂಡಿನಲ್ಲಿದ್ದ ಹರಳೆಣ್ಣೆ ಬಟ್ಟಲು ತೆಗೆದು ಮಗುವಿನ ನೆತ್ತಿಗೆ ತಟ್ಟಿದರು. ಹುಟ್ಟಿದ ಕೂಸಿನ ನೆತ್ತಿ ಒಣಗಬಾರದು ಅಂತ ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ. ಆಮೇಲೆ ಮಗನಿಗೆ, "ಓಡೋ, ಸ್ವಾಮಿಗಳನ್ನ ಕರ್ಕೊಂಡ್ ಬಾ! ಜ್ಞಾನಸ್ನಾನ ಇಲ್ಲದೆ ಹೋಗಬಾರದು!" ಅಂತ ಕೂಗಿದರು. ನಮ್ಮವರು ಮತ್ತೆ ಸೈಕಲ್ ಹತ್ತಿದರು. ಅತ್ತೆ ಮಗುವನ್ನು ನನ್ನ ಪಕ್ಕದಲ್ಲಿ ಮಲಗಿಸಿ, ಹೊರಗಿನ ಕೋಣೆಯ ಶಿಲುಬೆ ಮುಂದೆ ಮೊಣಕಾಲೂರಿ ಜಪಸರ ಹಿಡಿದರು. ಅವರ ದನಿ ಏರುತ್ತಾ ಹೋಯಿತು. ಮಗುವಿನ ಉಸಿರು ಇಳಿಯುತ್ತಾ ಹೋಯಿತು.

ಜ್ಞಾನಸ್ನಾನ ಅಂದರೆ ನಮಗೆ ಹೆಸರಿಡುವ ಶಾಸ್ತ್ರ ಅಲ್ಲ. ಮಗು ದೇವರ ಮನೆಯದಾಗುವ ಬಾಗಿಲು ಅದು. ಅದಾಗದೆ ಹೋದ ಕೂಸನ್ನು ನಮ್ಮ ಕಡೆ ಹಳಬರು ಸಿಮೆಟ್ರಿಯ ಒಳಗೆ ಮಣ್ಣು ಮಾಡಲು ಬಿಡುತ್ತಿರಲಿಲ್ಲ. ಗೋಡೆಯಾಚೆ, ಕಳ್ಳಿ ಗಿಡದ ಹತ್ತಿರ ಇಡುತ್ತಿದ್ದರು. ಈಗ ಹಾಗಿಲ್ಲ, ದೇವರ ಕರುಣೆಗೆ ಗೋಡೆ ಇಲ್ಲ ಅಂತ ಸ್ವಾಮಿಗಳೇ ಹೇಳುತ್ತಾರೆ. ಆಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಕಳ್ಳಿ ಗಿಡ ಮಾತ್ರ.

"ನರ್ಸಮ್ಮ," ಅಂದೆ. "ಸ್ವಾಮಿಗಳು ಬರೋವರೆಗೆ ಇರುತ್ತಾ?"

ಅವರು ಮಗುವಿನ ಎದೆ ಮೇಲೆ ಎರಡು ಬೆರಳಿಟ್ಟು ನೋಡಿದರು. ಸುಳ್ಳು ಹೇಳಲಿಲ್ಲ. "ಇಲ್ಲ ಕಣವ್ವ."

"ನೀವೇ ಕೊಡಿ."

"ಬಾಯ್ಬಿಟ್ಟು ಏಳು. ಏನು ಮಾಡ್ಲಿ ನಾನು?"

"ನನ್ನ ಮಗೂಗೆ ಜ್ಞಾನಸ್ನಾನ ಕೊಡಿ."

"ಎಸ್ರು?"

ಹೆಸರು ಯೋಚಿಸಿರಲೇ ಇಲ್ಲ. ನಮ್ಮಜ್ಜಿಯ ಹೆಸರು ಬಾಯಿಗೆ ಬಂತು. "ಮರಿಯಾ."

ಕಾಯಿಸಿ ಆರಿಸಿಟ್ಟ ನೀರಿನ ಲೋಟ ತಗೊಂಡರು. ಮಗುವಿನ ತಲೆ ಎಡ ಅಂಗೈಯಲ್ಲಿ. ಮಾತು ಶುರು ಮಾಡಿ ನೀರು ಬಿಟ್ಟರು. ನಾನು ಕಣ್ಣಾರೆ ಕಂಡೆ. ನೀರು ನೆತ್ತಿಗೆ ಅಂಟಲೇ ಇಲ್ಲ. ಕೆಸುವಿನೆಲೆಯ ಮೇಲಿನ ಹನಿಯಂತೆ ಗುಂಡಗಾಗಿ, ಎಣ್ಣೆ ಮೇಲಿಂದ ಜಾರಿ ಚಾಪೆಗೆ ಬಿತ್ತು. "ಥೂ, ಎಣ್ಣೆ!" ಅಂದ ನರ್ಸಮ್ಮನ ದನಿ ಕೇಳಿಸಿತು. ಅಷ್ಟೇ. ನನಗೆ ಕತ್ತಲೆ ಬಂದು ಎಚ್ಚರ ತಪ್ಪಿತು.

ಕಣ್ಣು ಬಿಟ್ಟಾಗ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು, ಮುಖವೂ ಸೇರಿ. ನರ್ಸಮ್ಮ ನನ್ನ ನಾಡಿ ನೋಡಿ, ಸ್ನಾನಕ್ಕೆಂದು ಮನೆಗೆ ಹೋಗಿದ್ದರಂತೆ. ಅತ್ತೆ ಗೋಡೆಗೊರಗಿ ಕೂತಿದ್ದರು. "ನಾನು ಒಳಗೆ ಬರೋವಾಗ ಎಲ್ಲಾ ಮುಗಿದಿತ್ತು. ನೀರು ಹಾಕಿದ್ದೀನಿ ಅಂದ್ಳು ಅವಳು. ಹಣೆ ತುಂಬಾ ಕುಂಕುಮ ಇಟ್ಕೊಂಡೋಳ ಕೈಯ್ಯಿನ ನೀರು ಯಾವ ಜ್ಞಾನಸ್ನಾನ?" ಅಂದರು. ನಾನು ಎಣ್ಣೆಯ ಮಾತೆತ್ತಲಿಲ್ಲ. ಆ ಎಣ್ಣೆ ಹಚ್ಚಿದ ಕೈ ಅವರದೇ. 

ಸ್ವಾಮಿಗಳು ಯಾವುದೋ ಹಳ್ಳಿಗೆ ಬಲಿಪೂಜೆಗೆ ಹೋಗಿದ್ದವರು ಸಂಜೆ ಐದಕ್ಕೆ ಬಂದರು. ವಯಸ್ಸಾದವರು, ಮಾತು ಕಡಿಮೆ, ನಿಯಮ ಜಾಸ್ತಿ. ನನ್ನ ಹತ್ತಿರ ಕುರ್ಚಿ ಎಳೆದು ಕೂತರು. "ನೀರು ಹಾಕಿದ್ದು ನೀವು ನೋಡಿದ್ರಾ, ಅಮ್ಮಾ?"

ನಮ್ಮವರು ನನ್ನನ್ನೇ ನೋಡುತ್ತಿದ್ದರು. ಹೌದು, ನೋಡಿದೆ, ಎಲ್ಲಾ ಸರಿಯಾಗಿತ್ತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಗುವಿಗೆ ಕೊಡಬೇಕಾದ ಮೊದಲನೆಯದನ್ನೇ ಸುಳ್ಳಿನ ಮೇಲೆ ನಿಲ್ಲಿಸಲು ನನ್ನಿಂದ ಆಗಲಿಲ್ಲ. "ನೋಡಿದೆ ಸ್ವಾಮಿ. ನೆತ್ತೀಲಿ ಎಣ್ಣೆ ಇತ್ತು. ನೀರು ಜಾರಿಹೋಯ್ತು. ಆಮೇಲೆ ನನಗೆ ಎಚ್ಚರ ಇರಲಿಲ್ಲ."

ಅತ್ತೆ ಗೂಡಿನಲ್ಲಿದ್ದ ಹರಳೆಣ್ಣೆ ಬಟ್ಟಲಿನ ಕಡೆ ನೋಡಿದರು. ಸ್ವಾಮಿಗಳು "ಆ ತಾಯಿನ ಕರೆಸಿ" ಅಂದರು.

ಮುಕ್ಕಾಲು ಗಂಟೆ ಕಾದೆವು.  ಬೀದಿಯಲ್ಲಿ ಬಳೆ ಸದ್ದು ಕೇಳಿದಾಗ ಗೋಡೆ ಹಿಡಿದು ಎದ್ದು ಕೂತೆ. ನರ್ಸಮ್ಮನ ಕೂದಲು ಇನ್ನೂ ಪೂರ್ತಿ ಆರಿರಲಿಲ್ಲ. ಬಾಗಿಲಲ್ಲೇ ನಿಂತರು.

"ನೀರಿಗೆ ಏನಾದ್ರೂ ಬೆರೆಸಿದ್ರಾ? ಜೀರಿಗೆ, ಗೀರಿಗೆ?"

"ಬರೀ ನೀರು ಸ್ವಾಮಿ."

"ಎಣ್ಣೆ ಇತ್ತಂತೆ?"

"ಇತ್ತು. ಮೊದಲ್ನೇ ಸಲ ಉಯ್ದಿದ್ದು ಜಾರೋಯ್ತು. ಅದು ಲೆಕ್ಕಕ್ಕಿಲ್ಲ ಅಂತ ನಂಗೆ ಗೊತ್ತು. ಸೆರಗಲ್ಲಿ ನೆತ್ತಿ ಒರೆಸ್ದೆ, ಸೋಪು ಅಚ್ಚಿದ ಬಟ್ಟೇಲಿ ಇನ್ನೊಂದ್ಸಲ ಒರೆಸ್ದೆ. ಚರ್ಮ ಕಾಣ್ತು. ಆಮ್ಯಾಕೆ ಮೊದ್ಲಿಂದ ಮಾತು ಏಳ್ಕೊಂಡು ಮೂರು ಸಲ ಉಯ್ದೆ. ನೀರು ಕಿವಿ ಮಗ್ಗುಲಲ್ಲಿ ಅರೀತು. ಆಗ ಉಸ್ರಿತ್ತು, ನನ್ನ ಬೆರಳು ಎದೆ ಮ್ಯಾಲೇ ಇತ್ತು."

"ಮಾಡಿ ತೋರಿಸಿ."

ನರ್ಸಮ್ಮ ಬಳೆ ಮೇಲೇರಿಸಿದರು. ಸುತ್ತಿದ ಟವೆಲೊಂದನ್ನು ಎಡಗೈ ಮೇಲಿಟ್ಟು, ಖಾಲಿ ಲೋಟ ಬಗ್ಗಿಸಿ, ಪಿತನ, ಸುತನ, ಪವಿತ್ರಾತ್ಮರ ಹೆಸರು ಹೇಳಿದರು. ಯಾವಾಗಲೂ 'ಏಳು, ಓಗು' ಅನ್ನುವ ಬಾಯಿಂದ ಆ ಮಾತುಗಳು ಸಿಸ್ಟರ್‌ಗಳು ಕಲಿಸಿದ ಹಾಗೇ ಒಂದಕ್ಷರ ಬಿಡದೆ ಬಂದವು.

ಸ್ವಾಮಿಗಳು ಕೊನೆಯದಾಗಿ ಕೇಳಿದರು. "ಅಮ್ಮಾ, ನೀವು ನಮ್ಮವರಲ್ಲ. ಏನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ರಿ?"

"ನಂದೇನೂ ಇಲ್ಲ ಸ್ವಾಮಿ. ನಿಮ್ಮ ಚರ್ಚಲ್ಲಿ ಏನು ಮಾಡ್ತೀರೋ ಅದನ್ನೇ ಮಾಡು ಅಂತ ಈ ತಾಯಿ ಕೇಳಿದ್ಲು. ಅದನ್ನೇ ಮಾಡ್ದೆ."

ಸ್ವಾಮಿಗಳು ಎದ್ದರು. "ಇನ್ನೊಮ್ಮೆ ಮಾಡೋದು ಏನೂ ಇಲ್ಲ. ಇದಾಗಿದೆ. ನಾಳೆ ಬೆಳಿಗ್ಗೆ ಮಗೂನ ಚರ್ಚಿಗೆ ತನ್ನಿ" ಅಂದರು. ಹೊರಡುವ ಮುನ್ನ ಕೇಳಿದರು: "ಎಣ್ಣೆ ಯಾರು ಹಚ್ಚಿದ್ದು?"

 ನರ್ಸಮ್ಮ ಅತ್ತೆಯ ಕಡೆ ನೋಡಲೂ ಇಲ್ಲ. "ಎತ್ತ ಮನೇಲೆಲ್ಲ ಅಚ್ತಾರೆ ಸ್ವಾಮಿ. ನಾನೇ ಮೊದ್ಲು ನೋಡ್ಕೋಬೇಕಿತ್ತು."

ಸ್ವಾಮಿಗಳು ಹೋದ ಮೇಲೆ ಅತ್ತೆ ಅಡುಗೆ ಮನೆಗೆ ಹೋಗಿ ಕಾಫಿ ಮಾಡಿಕೊಂಡು ಬಂದು ಎರಡೂ ಕೈಯಲ್ಲಿ ಹಿಡಿದು ನಿಂತರು. ನರ್ಸಮ್ಮ ಲೋಟ ನೋಡಿದರು, ಬಿಳಿ ಬಟ್ಟೆಯ ಗಂಟು ನೋಡಿದರು. "ಕೂಗಲಿಲ್ವಲ್ಲಮ್ಮ ಕೂಸು," ಅಂದು ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಟುಹೋದರು. ಅವರು ಅತ್ತದ್ದು ನಾನು ನೋಡಿದ್ದು ಅದೊಂದೇ ಸಲ.

ಮರಿಯಾಳನ್ನು ಸಿಮೆಟ್ರಿಯ ಒಳಗೆ, ಮಕ್ಕಳ ಸಾಲಿನಲ್ಲಿ ಇಟ್ಟೆವು. ಅಷ್ಟು ದುಃಖದಲ್ಲೂ ಅದನ್ನು ದಯೆ ಅಂತಲೇ ಎಣಿಸಿದೆ.

ಆಮೇಲೆ ದೇವರು ನನಗೆ ಇಬ್ಬರನ್ನು ಕೊಟ್ಟ. ಇಬ್ಬರೂ ಚೆನ್ನಾಗಿ ಕೂಗಿದರು, ನರ್ಸಮ್ಮ ಒಬ್ಬೊಬ್ಬರಿಗೆ ಎರಡೆರಡು ಲೋಟ ಕಾಫಿ ಕುಡಿದರು. ಚರ್ಚಿನಲ್ಲಿ ಜ್ಞಾನಸ್ನಾನ ನಡೆದಾಗ ಹಿಂದಿನ ಕಂಬದ ಹತ್ತಿರ ಬಂದು ನಿಂತಿದ್ದರು. ಮಗುವಿಗೆ ಧರ್ಮದ ತಾಯಿಯಾಗಿ ನಿಲ್ಲುವ ಜ್ಞಾನತಾಯಿ ಅದನ್ನೆತ್ತಿಕೊಂಡು ಜ್ಞಾನಸ್ನಾನದ ತೊಟ್ಟಿಯ ಕಡೆ ಹೋಗುವಾಗ ಅಡ್ಡ ಬಂದು ಅತ್ತೆಯ ಕಿವಿಯಲ್ಲಿ ಕೇಳಿದರು: "ನೆತ್ತಿ ಒರೆಸಿದ್ರಾ?" ಅತ್ತೆ ಮೊದಲ ಸಲ ಸಿಟ್ಟಾದರು. ಎರಡನೇ ಸಲ ಕೇಳುವ ಮೊದಲೇ, "ಒರೆಸಿದ್ದೀನಿ ಮಾರಾಯ್ತಿ, ಬೇಕಾದ್ರೆ ಮುಟ್ಟಿ ನೋಡು" ಅಂದರು. ಅಷ್ಟು ಹೊತ್ತಿಗೆ ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟು ಸಂಜೆ ಕಳೆಯುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನರ್ಸಮ್ಮ ಹಾಸಿಗೆ ಹಿಡಿದರು. ಇವತ್ತೋ ನಾಳೆಯೋ ಅಂತ ಸುದ್ದಿ ಬಂತು. ಅತ್ತೆಗೆ ಮೊಣಕಾಲು ನೋವು, ನಡೆಯುವ ಹಾಗಿರಲಿಲ್ಲ. ನಾನು ಹೊರಡುವಾಗ ಕೈ ಹಿಡಿದುಕೊಂಡರು.

"ಅವರಲ್ಲಿ ಸಾಯೋರ ಬಾಯಿಗೆ ನೀರು ಬಿಡ್ತಾರೆ. ನಿನ್ನ ಕೈಗೂ ಕೊಡ್ತಾರೆ. ನೆತ್ತಿ ಮೇಲೆ ಮೂರು ಸಲ ಬಿಟ್ಟು, ಮೆಲ್ಲಗೆ ಜ್ಞಾನಸ್ನಾನದ ಮಾತು ಹೇಳಿಬಿಡು. ಯಾರಿಗೂ ಗೊತ್ತಾಗಲ್ಲ. ನಮ್ಮ ಕೂಸಿಗೆ ಬಾಗಿಲು ತೆಗೆದೋಳು ಕಣೇ, ಅವಳೇ ಹೊರಗೆ ನಿಲ್ಲಬೇಕಾ?" ಅವರ ಕಣ್ಣು ತುಂಬಿತ್ತು. ಹದಿಮೂರು ಹದಿನಾಲ್ಕು ವರ್ಷಗಳ ಹಿಂದೆ ಅದೇ ಬಾಯಿ 'ಯಾವ ಜ್ಞಾನಸ್ನಾನ' ಅಂದಿತ್ತು.

ದಾರಿಯುದ್ದಕ್ಕೂ ಆ ಮಾತುಗಳನ್ನೇ ಬಾಯಲ್ಲಿಟ್ಟುಕೊಂಡು ನಡೆದೆ. ತಪ್ಪೇ, ಸರಿಯೇ ಗೊತ್ತಾಗಲಿಲ್ಲ. ಅವರು ಹೊರಗೆ ನಿಲ್ಲುವುದನ್ನು ನೆನೆಯಲೂ ನನ್ನಿಂದ ಆಗುತ್ತಿರಲಿಲ್ಲ.

ನಡುಮನೆಯಲ್ಲಿ ಮಲಗಿಸಿದ್ದರು. ಉಷ್ಣಕ್ಕೆಂದು ತಲೆಗೆ ಹರಳೆಣ್ಣೆ ತಟ್ಟಿದ್ದರು. ಬಳೆಗಳು ಮಣಿಕಟ್ಟಿನಿಂದ ಜಾರಿ ಬೀಳುವಷ್ಟು ಸಡಿಲ. ಮನೆಯವರೆಲ್ಲ ಒಬ್ಬೊಬ್ಬರಾಗಿ ತುಳಸಿ ನೀರು ಬಿಟ್ಟ ಮೇಲೆ ಅವರ ಸೊಸೆ ತಾಮ್ರದ ಲೋಟ, ಉದ್ಧರಣೆ ನನ್ನ ಕೈಗಿಟ್ಟಳು. "ನೀವೂ ಬಿಡಿ ಅಕ್ಕ. ಅತ್ತೆ ನಿಮ್ಮನ್ನೇ ಕೇಳ್ತಿದ್ರು."

ನಾನು ಪಕ್ಕದಲ್ಲಿ ಕೂತೆ. ಉದ್ಧರಣೆಯಲ್ಲಿ ನೀರು ತುಂಬಿಕೊಂಡೆ. ಕೈ ತಾನಾಗಿಯೇ ಅವರ ನೆತ್ತಿಯ ಕಡೆ ಏರಿತು. ತುಟಿ ಅಲ್ಲಾಡಿತು.

ನರ್ಸಮ್ಮ ಕಣ್ಣು ತೆರೆದರು. ನನ್ನ ಕೈ ನೋಡಿದರು, ತುಟಿ ನೋಡಿದರು. ಎಲ್ಲಾ ತಿಳಿದುಹೋಯಿತು ಅವರಿಗೆ. ಬಾಯಿಯ ಒಂದು ಕೊನೆಯಲ್ಲಿ ಹಳೆಯ ನಗು ಬಂತು.

"ನೆತ್ತಿ ತುಂಬಾ ಎಣ್ಣೆ ಐತೆ ಕಣವ್ವ," ಅಂದರು. ದನಿ ನನಗೊಬ್ಬಳಿಗೇ ಕೇಳುವಷ್ಟು. "ಬಾಯಿಗೆ ಬಿಡು."

ಬಾಯಿಗೆ ಬಿಟ್ಟೆ. ಒಂದು ಗುಟುಕು ಒಳಗೆ ಹೋಯಿತು. ಇನ್ನೊಂದು ಕೇಳಿದರು, ಅದನ್ನೂ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಹೋದರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು. ನಡೆದದ್ದನ್ನು ನಡೆದ ಹಾಗೇ ಹೇಳಿದೆ. 

"ಒರೆಸಿ ಹಾಕಬಹುದಿತ್ತಲ್ಲೇ," ಅಂದರು ಅತ್ತೆ.

"ಅವರು ಕೇಳಲಿಲ್ಲ ಅತ್ತೆ."

 ಅತ್ತೆ ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಜಪಸರ ತೆಗೆದುಕೊಂಡರು. ತಾವು ಇರುವವರೆಗೂ ಸಂಜೆಯ ಜಪದಲ್ಲಿ ಹತ್ತು ಮಣಿ ನರ್ಸಮ್ಮನ ಹೆಸರಿನಲ್ಲಿ ಹೇಳುತ್ತಿದ್ದರು. ಈಗ ಆ ಹತ್ತು ಮಣಿ ನಾನು ಹೇಳುತ್ತೇನೆ. ಇದನ್ನಂತೂ ಯಾರೂ ಕೇಳಿಲ್ಲ. ಇಷ್ಟಕ್ಕೆ ಅವರು ಬೇಡ ಅನ್ನಲಾರರು ಅಂದುಕೊಂಡಿದ್ದೇನೆ.