ನರಿಗಿಟ್ಟ ಮೊದಲ ರೊಟ್ಟಿ

ಶನಿವಾರ ಬೆಳಿಗ್ಗೆ ಜೋಳದ ಹಿಟ್ಟು ನಾದಿಕೊಂಡು ರೊಟ್ಟಿ ಬಡಿಯಲು ನಿಂತರೆ ಸಾಕು, ಕ್ರೋಯ್ಡನ್ನಿನ ನಮ್ಮ ಫ್ಲ್ಯಾಟಿನ ಮೇಲೆ ಹೆಬ್ಬಾತುಗಳು ಕೂಗುತ್ತಾ ಹಾದುಹೋಗುತ್ತವೆ. ಟ್ರಾಮಿನ ಕಿರುಗುಟ್ಟುವಿಕೆಯಾಗಲಿ, ಕೆಳಗಿನ ಕಾರ್ ಪಾರ್ಕಿನ ಗದ್ದಲವಾಗಲಿ ಆ ಒಡಕು ದನಿಯನ್ನು ಮುಚ್ಚುವುದಿಲ್ಲ. ಅಕ್ಕಪಕ್ಕದವರು ಫೋನ್ ಹಿಡಿದು ಬಾಲ್ಕನಿಗೆ ಓಡುತ್ತಾರೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಅಂದು ಬೆಳಗಿನಿಂದ ಸಂಜೆಯವರೆಗೆ ಕಾಯಿಸಿ ಸತಾಯಿಸಿದಿರಿ, ಕೊನೆಗೆ ಸಿಕ್ಕಿದ್ದು ಒಂದೇ ಒಂದು, ಅದೂ ಸಿಗದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಬೈಯುತ್ತಾ ಬೇಕಾದ್ದಕ್ಕಿಂತ ಜೋರಾಗಿ ಬಡಿಯುತ್ತೇನೆ. ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಅವ್ವನ ರೊಟ್ಟಿ ಎಂದೂ ಸೀಳುತ್ತಿರಲಿಲ್ಲ.

ಲಂಡನ್ನಿನ ಅಂಚಿನ ಸ್ಟ್ಯಾನ್ಮೋರಿನಲ್ಲಿ ನಾನು ಬೆಳೆದ ಮನೆ ಬೀದಿಯ ಕಟ್ಟಕಡೆಯದು. ಹಿತ್ತಿಲಿನ ಮರದ ಬೇಲಿ ದಾಟಿದರೆ ಗೋಧಿ ಹೊಲ. ಲಂಡನ್ನಿನಲ್ಲಿ ಹೊಲ ಇದೆ ಅಂದರೆ ಧಾರವಾಡದಲ್ಲಿ ಯಾರೂ ನಂಬುತ್ತಿರಲಿಲ್ಲ, ಅಪ್ಪಾಜಿ ಫೋಟೊ ತೆಗೆದು ಕಳಿಸಬೇಕಾಯಿತು. ಅಪ್ಪಾಜಿ ಆಸ್ಪತ್ರೆಯಲ್ಲಿ ಡಾಕ್ಟರು. ಅವ್ವನಿಗೆ ಅಡುಗೆಮನೆಯೇ ಧಾರವಾಡ. ವೆಂಬ್ಲಿಯ ಗುಜರಾತಿ ಅಂಗಡಿಯಿಂದ ತಂದ ಜೋಳದ ಹಿಟ್ಟು, ಕುದಿಯುವ ಎಸರಿನ ಹಬೆ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಾಗ ಏಳುವ ಆ ಮಣ್ಣಿನಂಥ ವಾಸನೆ, ಇವೆಲ್ಲ ಸೇರಿ ಕಿಟಕಿಯ ಗಾಜು ಸದಾ ಮಸುಕಾಗಿರುತ್ತಿತ್ತು. ತವರಿನಲ್ಲಿ ಮೊದಲ ರೊಟ್ಟಿ ಆಕಳಿಗೆ. ಇಲ್ಲಿ ಬೀದಿಯಲ್ಲಿ ಆಕಳು ಎಲ್ಲಿಂದ ಬರಬೇಕು? ಆದರೂ ಅವ್ವ ಪದ್ಧತಿ ಬಿಡಲಿಲ್ಲ. ಮೊದಲ ರೊಟ್ಟಿಗೆ ತುಪ್ಪ ಸವರಿ ಬೇಲಿಯ ಬುಡದಲ್ಲಿ ಇಟ್ಟು ಬರುತ್ತಿದ್ದಳು. ಒಂದು ದಿನ ಹಲಗೆ ಕಿತ್ತುಹೋದ ಸಂದಿಯಿಂದ ಒಂದು ಹೆಣ್ಣು ನರಿ ನುಸುಳಿ ಬಂದು ಅದನ್ನು ತಿಂದಿತು. ಕಿವಿಯೊಂದರ ತುದಿ ಹರಿದಿತ್ತು. ಆಮೇಲೆ ದಿನಾ ಬಂತು. ರೊಟ್ಟಿ ಬಡಿಯುವ ಸದ್ದು ಕೇಳಿದರೆ ಹಾಜರು. ಬೆಳಿಗ್ಗೆ ನರಿ ಮುಖ ನೋಡಿದರೆ ಒಳ್ಳೆಯದಾಗುತ್ತದೆ ಎಂದು ಕೇಳುತ್ತಾ ಬೆಳೆದ ಅವ್ವನಿಗೆ ದಿನಾ ಅದೇ ಮುಖ ನೋಡುವ ಭಾಗ್ಯ. ಅಪ್ಪಾಜಿಗೆ ಪ್ರಮೋಷನ್ ಸಿಕ್ಕಾಗ, ನನಗೆ ಪರೀಕ್ಷೆ ಬರೆದು ಗೆಲ್ಲಬೇಕಾದ ಗ್ರಾಮರ್ ಸ್ಕೂಲಿನ ಸೀಟು ಸಿಕ್ಕಾಗ ಪುಣ್ಯವೆಲ್ಲ ನರಿಯ ಲೆಕ್ಕಕ್ಕೇ ಹೋಯಿತು.

ಹೊಲ ಲೆನ್ ಎಂಬ ಮುದುಕನದು. ನಾವು ಆ ಮನೆಗೆ ಬಂದ ವಾರ ಬಾಗಿಲು ತಟ್ಟಿದ ನೆರೆಯವನು ಅವನೊಬ್ಬನೇ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ತನ್ನ ಕೋಳಿಗಳ ಮೊಟ್ಟೆ ತಂದುಕೊಟ್ಟಿದ್ದ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಅದನ್ನು ಹೇಳಿಬಿಟ್ಟರೆ ಅವನು ಮತ್ತೆ ಬರಲಿಕ್ಕಿಲ್ಲ ಎಂದು ಅಪ್ಪಾಜಿಗೆ ಸಂಕೋಚ. ಥ್ಯಾಂಕ್ಸ್ ಹೇಳಿ ತೆಗೆದುಕೊಂಡು, ಹೊರಗಿನ ಶೆಡ್ಡಿನಲ್ಲಿಟ್ಟು, ಮಾರನೆಯ ದಿನ ಆಸ್ಪತ್ರೆಯ ನರ್ಸುಗಳಿಗೆ ಹಂಚಿಬಿಟ್ಟರು. ಅಂದಿನಿಂದ ಲೆನ್ ಮೊಟ್ಟೆ ತರುವುದನ್ನು ನಿಲ್ಲಿಸಲಿಲ್ಲ, ಅಪ್ಪಾಜಿ ನಿಜ ಹೇಳಲಿಲ್ಲ. ಈಗ ನೆನೆದರೆ ಹಲ್ಲು ಕಡಿಯುವಂತಾಗುತ್ತದೆ. ಒಂದು ಮಾತು ಹೇಳುವುದಕ್ಕೆ ಏನು ಧಾಡಿಯಾಗಿತ್ತೋ!

ಆ ವರ್ಷ ಚಳಿ ಶುರುವಾಗುವಾಗ ಹೆಬ್ಬಾತುಗಳು ಹಿಂಡುಹಿಂಡಾಗಿ ಇಳಿದು ಎಳೆಗೋಧಿಯನ್ನು ಬುಡಮಟ್ಟ ಮೇಯತೊಡಗಿದವು. ಅದೇ ಹೊತ್ತಿಗೆ ಲೆನ್‌ನ ಕೋಳಿಗಳೂ ಒಂದೊಂದಾಗಿ ಮಾಯವಾದವು. ಶನಿವಾರ ಹಗಲು ಹೆಬ್ಬಾತು, ಸಂಜೆ ನರಿ, ಎರಡನ್ನೂ ಮುಗಿಸುತ್ತೇನೆ, ನೀವೂ ಬನ್ನಿ ಡಾಕ್ಟರ್ ಎಂದು ಅಪ್ಪಾಜಿಯನ್ನು ಕರೆದ. ಅಪ್ಪಾಜಿ ಯಥಾಪ್ರಕಾರ ಹೂಂ ಅಂದು ಬಂದರು.

“ಹೋಗೂದು ಹೋಗ್ರಿ. ಆದ್ರ ನರಿ ತಂಟೆಕ್ಕ ಹೋಗಬ್ಯಾಡ ಅಂತ ಹೇಳ್ರಿ ಅವಂಗ,” ಅಂದಳು ಅವ್ವ.

“ಕೋಳಿ ಅವನ್ವು, ಹೊಲ ಅವಂದು. ನಾ ಯಾವ ಬಾಯಿಲೆ ಹೇಳ್ಲಿ?”

ಅವ್ವ ಹಟಮಾರಿ. ಮನೆಗಳ ಕಡೆಗೆ ಲೆನ್ ಗುಂಡು ಹಾರಿಸುವಂತಿಲ್ಲ ಎಂಬುದನ್ನು ಅಪ್ಪಾಜಿಯ ಬಾಯಿಂದಲೇ ತಿಳಿದುಕೊಂಡಳು. ಹಾಗಾದರೆ ಸಂಜೆ ಕತ್ತಲಾಗುವವರೆಗೆ ರೊಟ್ಟಿ ಬಡಿಯುತ್ತಾ ನರಿಯನ್ನು ನಮ್ಮ ಹಿತ್ತಿಲಿನಲ್ಲೇ ಹಿಡಿದಿಟ್ಟುಕೊಂಡರಾಯಿತು. ಒಂದು ದಿನ ತಪ್ಪಿಸಿದರೆ ಸಾಕು, ಮುಂದಿನದು ಆಮೇಲೆ ನೋಡೋಣ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಬೆಳಿಗ್ಗೆ ಅಪ್ಪಾಜಿಯ ಜೊತೆ ನಾನೂ ಹೋದೆ. ಹೊಲದ ನಡುವೆ ಪ್ಲಾಸ್ಟಿಕ್ ಹೆಬ್ಬಾತುಗಳನ್ನು ಮೇಯುವಂತೆ ನಿಲ್ಲಿಸಿ, ನಾವು ಮೂವರು ನೀರಿಳಿದ ಹಳ್ಳದಲ್ಲಿ ಹಸಿರು ಬಲೆಯ ಮರೆಯಲ್ಲಿ ಕುಳಿತೆವು. ಪ್ಯಾಂಟಿನೊಳಗೆ ತೇವ ಏರುತ್ತಿತ್ತು. ಲೆನ್ ಮರದ ಪೀಪಿ ಊದಿ ಹೆಬ್ಬಾತಿನಂತೆಯೇ ಕೂಗಿದ. ದೂರದ ಕೆರೆಯ ಕಡೆಯಿಂದ ಹಿಂಡು ಬಂತು, ತಗ್ಗಿತು, ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಬೆಚ್ಚಿ ಮೇಲೆದ್ದು ಹೊರಟುಹೋಯಿತು. ಮತ್ತೆ ಊದಿದ, ಮತ್ತೆ ಬಂತು, ಮತ್ತೆ ಹೋಯಿತು. ಮಧ್ಯಾಹ್ನದವರೆಗೂ ಇದೇ ಹಾಡು. ಲೆನ್ ಬಲೆ ಸರಿಪಡಿಸಿದ, ಗೊಂಬೆಗಳ ಜಾಗ ಬದಲಿಸಿದ, ಗಾಳಿಗೆ ಬೈದ. ಕೊನೆಗೆ ಅವನ ಕಣ್ಣು ಅಪ್ಪಾಜಿಯ ಪಕ್ಕದಲ್ಲಿ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದ ಸ್ಟೀಲ್ ಡಬ್ಬಿಯ ಮೇಲೆ ಬಿತ್ತು. ಅವ್ವ ಹುಣಸೆಹಣ್ಣು ಹಚ್ಚಿ ಉಜ್ಜಿದ ಡಬ್ಬಿ, ಆಕಾಶದಿಂದ ಕಾಣದೆ ಇರುತ್ತದೆಯೇ? ಲೆನ್ ಟೊಪ್ಪಿಗೆ ತೆಗೆದು ಅದರ ಮೇಲೆ ಮುಚ್ಚಿದ. ಅಪ್ಪಾಜಿಯ ಮುಖ ಕೆಂಪಾಯಿತು. ಒಳಗಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ಮೂವರೂ ಹಂಚಿಕೊಂಡು ತಿಂದೆವು. ಆಮೇಲೆ ನನಗೆ ಸೀನು ಹತ್ತಿದ್ದರಿಂದ ಮನೆಗೆ ಕಳಿಸಿದರು.

ಸಂಜೆ ಅವ್ವ ರೊಟ್ಟಿ ಬಡಿಯಲು ನಿಂತಳು. ಹಿತ್ತಿಲ ಬಾಗಿಲು ತೆರೆದಿತ್ತು. ನರಿ ಬಂತು. ನಾನು ಮೆಟ್ಟಿಲ ಮೇಲೆ ಕುಳಿತು ರೊಟ್ಟಿಯನ್ನು ಚೂರುಚೂರು ಮಾಡಿ ಎಸೆಯುತ್ತಿದ್ದೆ. “ಸಣ್ಣ ಸಣ್ಣ ತುಣುಕು ಹಾಕ. ಹೊಟ್ಟಿ ತುಂಬಿದ್ರ ಹೋಗಿಬಿಡ್ತದ,” ಒಳಗಿನಿಂದ ಅವ್ವನ ಸೂಚನೆ. “ಐ ನೋ, ಅವ್ವಾ,” ನನ್ನ ಉತ್ತರ. ದೂರದಲ್ಲಿ ಲೆನ್‌ನ ಪಿಕಪ್ ಗಾಡಿ ದೀಪ ಆರಿಸಿ ನಿಂತಿದ್ದು ಕಾಣುತ್ತಿತ್ತು. ಇನ್ನು ಸ್ವಲ್ಪ ಹೊತ್ತು, ಅಷ್ಟೆ. ನಾವು ಗೆದ್ದೆವೆಂದೇ ಅಂದುಕೊಂಡಿದ್ದೆ. ಅಷ್ಟರಲ್ಲಿ ಅಪ್ಪಾಜಿ ಹೊಲದ ಕಡೆಯಿಂದ ಬರುವುದು ಕಂಡಿತು. ಬೇಲಿಯಿಂದ ಸ್ವಲ್ಪ ದೂರದಲ್ಲಿ, ಗುಂಡು ದಾಟದಂಥ ಮಣ್ಣಿನ ದಿಬ್ಬಕ್ಕೆ ಒತ್ತಿಕೊಂಡು ಒಂದು ಓಕ್ ಮರವಿತ್ತು. ಅಲ್ಲಿ ನಿಂತು ಬಗ್ಗಿ ಏನನ್ನೋ ಇಟ್ಟು, ಎಲೆ ಮುಚ್ಚಿ, ಬಂದು ಹಿತ್ತಿಲ ನಲ್ಲಿಯಲ್ಲಿ ಕೈ ತೊಳೆದರು, ಮತ್ತೆ ತೊಳೆದರು. ಯಾರ ಮುಖವನ್ನೂ ನೋಡದೆ ಒಳಗೆ ಹೋದರು.

ನರಿ ತಲೆ ಎತ್ತಿತು. ಮೂಗು ಗಾಳಿಯಲ್ಲಿ ಅರಳಿತು. ನಾನು ಇಡೀ ರೊಟ್ಟಿಯನ್ನೇ ಎಸೆದೆ, ಅವ್ವಾ ಎಂದು ಕೂಗಿದೆ. ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಚ್ಚೊ ಚ್ಚೊ ಎಂದು ಕರೆದಳು. ತುಪ್ಪದ ರೊಟ್ಟಿಯನ್ನು ದಾಟಿ ನರಿ ಬೇಲಿಯ ಸಂದಿಯಲ್ಲಿ ನುಸುಳಿ ಹೋಯಿತು. ಒಂದೇ ಗುಂಡಿನ ಸದ್ದು. ಓಕ್ ಮರದ ಕಾಗೆಗಳೆಲ್ಲ ಎದ್ದವು.

ಸ್ವಲ್ಪ ಹೊತ್ತಿಗೆ ಲೆನ್ ಹಿತ್ತಿಲ ಬಾಗಿಲಿಗೇ ಬಂದ. ಎಡಗೈಯಲ್ಲಿ ಟೊಪ್ಪಿಗೆ, ಬಲಗೈಯಲ್ಲಿ ಕುತ್ತಿಗೆ ಹಿಡಿದ ಹೆಬ್ಬಾತು. “ಯು ಡ್ರಾಪ್ಡ್ ದಿಸ್, ಡಾಕ್ಟರ್,” ಅಂದ ಪ್ರೀತಿಯಿಂದ. ದಿನದ ಮೊದಲ ಹಕ್ಕಿ ಅತಿಥಿಗೆ ಸಲ್ಲಬೇಕು, ಇಂದು ಸಿಕ್ಕಿದ್ದೂ ಒಂದೇ, ಅದನ್ನೂ ದಾರಿಯಲ್ಲಿ ಬೀಳಿಸಿಕೊಂಡು ಬಂದಿರಲ್ಲ ಎಂದು ನಕ್ಕ. ಬಿದ್ದದ್ದೂ ಒಳ್ಳೆಯದೇ ಆಯಿತು, ಅದರ ವಾಸನೆಗೇ ನರಿ ಬಯಲಿಗೆ ಬಂತು ಅಂದ. ಅವ್ವ ಅಪ್ಪಾಜಿಯ ಕಡೆ ತಿರುಗಿದಳು.

“ಮನಿಯೊಳಗ ಹೆಂಗ ತರ್ಲಿ ಅದನ್ನ? ಕತ್ತಲಾದ ಮ್ಯಾಲೆ ಹೋಗಿ ಹುಗದು ಬರ್ತೀನಂತ ಮಾಡಿದ್ದೆ,” ಅಂದರು ಅಪ್ಪಾಜಿ, ಲೆನ್‌ಗೆ ತಿಳಿಯದ ಕನ್ನಡದಲ್ಲಿ.

ಅವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವ ಮನೆ ನಮ್ಮದಲ್ಲ. ಚಹಾ ಮಾಡಿದಳು. ಲೆನ್ ಮೆಟ್ಟಿಲ ಮೇಲೆ ಕುಳಿತು ಕುಡಿದು, ಏಲಕ್ಕಿ ಚೆನ್ನಾಗಿದೆ ಎಂದು ಹೊಗಳಿದ. ಹೆಬ್ಬಾತನ್ನು ಶೆಡ್ಡಿನಲ್ಲಿ ನೇತುಹಾಕಿ ಹೋದ. ನಾನು ಯಾರ ಮೇಲೆ ಸಿಟ್ಟು ಮಾಡಬೇಕಿತ್ತು? ಕೋಳಿ ಕಳೆದುಕೊಂಡ ಲೆನ್ ಮೇಲೆಯೇ? ಬೇಡ ಅನ್ನಲು ಬಾರದ ಅಪ್ಪಾಜಿಯ ಮೇಲೆಯೇ? ಕೆಟ್ಟವರು ಒಬ್ಬರಾದರೂ ಇದ್ದಿದ್ದರೆ ಬೈದು ಹಗುರಾಗುತ್ತಿದ್ದೆ. ಆ ಅನುಕೂಲವನ್ನೂ ನನಗೆ ಅವರು ಮಾಡಿಕೊಡಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಮೊದಲ ರೊಟ್ಟಿಗೆ ತುಪ್ಪ ಸವರಿ ಬಾಗಿಲ ತನಕ ಹೋದಳು. ಸ್ವಲ್ಪ ಹೊತ್ತು ನಿಂತು ಹಿಂದಿರುಗಿ ಬಂದು ಅದನ್ನು ಅಪ್ಪಾಜಿಯ ತಟ್ಟೆಗೆ ಹಾಕಿದಳು.

“ಇದು ಮೊದಲನೇದಲ್ಲಾ?” ಕೇಳಿದರು ಅಪ್ಪಾಜಿ.

“ಹೌದು. ತಿನ್ರಿ.”

ಅಪ್ಪಾಜಿ ತಲೆ ಬಗ್ಗಿಸಿ ತಿಂದರು. ಅಂದಿನಿಂದ ಅವರು ಇರುವವರೆಗೂ ಆ ಮನೆಯ ಮೊದಲ ರೊಟ್ಟಿ ಅವರದೇ. ಅವ್ವ ಯಾವ ಮನಸ್ಸಿನಿಂದ ಹಾಕುತ್ತಿದ್ದಳು, ಅವರು ಯಾವ ಮನಸ್ಸಿನಿಂದ ತಿನ್ನುತ್ತಿದ್ದರು, ಕೇಳಬೇಕೆಂದುಕೊಂಡು ಕೇಳದೇ ಉಳಿದೆ. ಮೊಟ್ಟೆ ಬರುತ್ತಲೇ ಇತ್ತು, ನರ್ಸುಗಳಿಗೆ ಹೋಗುತ್ತಲೇ ಇತ್ತು.

ಈಗ ಅವ್ವ, ಅಪ್ಪಾಜಿ, ಲೆನ್ ಮೂವರೂ ಇಲ್ಲ. ಮನೆ ಕೊಂಡವರು ಹಿತ್ತಿಲಿಗೆ ಕಲ್ಲು ಹಾಸಿ, ಸಂದಿಯಿಲ್ಲದ ಹೊಸ ಬೇಲಿ ಕಟ್ಟಿದ್ದಾರೆ. ಹೊಲದಲ್ಲಿ ಯಾರದೋ ಸವಾರಿ ಕುದುರೆಗಳು ಮೇಯುತ್ತವೆ. ಇಲ್ಲಿ ನಾಲ್ಕನೆಯ ಮಹಡಿಯ ಕಿಟಕಿಯಿಂದ ಕೆಳಗೆ ನೋಡಿದರೆ, ಕೌನ್ಸಿಲ್ಲಿನ ಕಸದ ಡಬ್ಬಿಗಳ ನಡುವೆ ಒಮ್ಮೊಮ್ಮೆ ನರಿ ಓಡಾಡುತ್ತದೆ. ಅದು ಮೇಲೆ ನೋಡುವುದಿಲ್ಲ, ನನ್ನ ಬಡಿತ ಅದಕ್ಕೆ ಕೇಳುವುದೂ ಇಲ್ಲ. ಆದರೂ ಮೊದಲ ರೊಟ್ಟಿಗೆ ತುಪ್ಪ ಸವರಿ ಪಕ್ಕಕ್ಕೆ ತೆಗೆದಿಡುತ್ತೇನೆ. ಹೆಬ್ಬಾತುಗಳ ಕೂಗು ದೂರವಾಗುತ್ತದೆ, ಉಳಿದ ರೊಟ್ಟಿಗಳೆಲ್ಲ ಬೇಯುತ್ತವೆ. ಮನೆಯವರೆಲ್ಲರ ಊಟ ಮುಗಿದ ಮೇಲೆ, ಆರಿ ಗಟ್ಟಿಯಾದ ಅದನ್ನು ನಾನೇ ಕುಳಿತು ತಿನ್ನುತ್ತೇನೆ.