ಮುಖಪುಟದಲ್ಲಿ ಬಾರದ ಕ್ಷಮೆ

ನಾನು ಕೆಲಸಕ್ಕಿದ್ದ ಪತ್ರಿಕೆಯನ್ನು ಕಟ್ಟಿದವರು ಒಬ್ಬ ಶಾಲಾ ಮೇಷ್ಟ್ರು. ಕಾಲಲ್ಲಿ ತುಳಿಯುವ ಅಚ್ಚಿನ ಯಂತ್ರದಿಂದ ಶುರು ಮಾಡಿದ್ದರಂತೆ. ತಪ್ಪು ಯಾವ ಪುಟದಲ್ಲಿ ಬಂದಿತ್ತೋ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಕ್ಷಮೆ ಕೇಳಬೇಕು ಎಂಬುದು ಅವರ ಕಟ್ಟಳೆ. ಅಡುಗೆಯವನೊಬ್ಬನನ್ನು ಕಳ್ಳನೆಂದು ತಪ್ಪಾಗಿ ಬರೆದದ್ದಕ್ಕೆ, ತಿದ್ದುಪಡಿ ಅಚ್ಚಾದ ಪತ್ರಿಕೆ ಹಿಡಿದು ತಾವೇ ಅವನ ಮನೆಗೆ ಹೋಗಿದ್ದರು.

ಅವರು ತೀರಿಕೊಂಡ ಮೇಲೆ ಮಗ ಅಚ್ಚುಮನೆ, ಕಚೇರಿ ಎಲ್ಲವನ್ನೂ ಪೀಣ್ಯಕ್ಕೆ ಸಾಗಿಸಿದರು. ಬಣ್ಣದ ಪುಟಗಳು ಬಂದವು. ಜಾಹೀರಾತು ವಿಭಾಗಕ್ಕೆ ಸಂಪಾದಕರಿಗಿಂತ ದೊಡ್ಡ ಕೋಣೆ ಸಿಕ್ಕಿತು.

ಆಗಲೇ ಅತ್ತಿಬೆಲೆಯ ಕಾರ್ಖಾನೆಯೊಂದರಲ್ಲಿ ಕಾರ್ಮಿಕನೊಬ್ಬ ಯಂತ್ರಕ್ಕೆ ಸಿಕ್ಕಿ ಸತ್ತ. ಕುಡಿದು ಬಂದಿದ್ದ ಎಂದು ಕಾರ್ಖಾನೆಯವರು ಹೇಳಿದರು. ನಮ್ಮ ವರದಿಗಾರ ಅದನ್ನೇ ಬರೆದ, ಮುಖಪುಟದಲ್ಲಿ ಬಂತು. ಕೆಲವೇ ದಿನಗಳಲ್ಲಿ ಸತ್ತವನ ಹೆಂಡತಿ ಬಸ್ಸು ಬದಲಿಸುತ್ತ ಅಷ್ಟು ದೂರದ ಪೀಣ್ಯಕ್ಕೆ ಬಂದಳು. ಗೇಟಿನಲ್ಲಿ ಸಿಕ್ಕವನು ನಾನು.

“ಸಾರ್, ಅವ್ರು ಜೀವ್ಮಾನದಾಗೆ ಕುಡ್ದೋರಲ್ಲ. ಡಾಕ್ಟ್ರೂ ಅಂಗೇ ಏಳವ್ರೆ. ಸುಳ್ಳು ಅಂತ ಒಂದ್ ಮಾತು ಆಕ್ಬುಡಿ, ಸಾಕು.”

ಆಸ್ಪತ್ರೆಯಲ್ಲಿ ವಿಚಾರಿಸಿದೆ. ಆಕೆ ಹೇಳಿದ್ದು ನಿಜವಾಗಿತ್ತು. ತಿದ್ದುಪಡಿ ಬರೆದು ಮಾಲೀಕರ ಮುಂದಿಟ್ಟೆ.

“ಆ ಕಂಪನಿ ವರ್ಷಪೂರ್ತಿ ಫುಲ್ ಪೇಜ್ ಆಡ್ ಕೊಡತ್ತೆ ಕಣ್ರೀ, ಬಿಟ್ಬಿಡಿ,” ಎಂದರು. ಅದೇ ಉಸಿರಿನಲ್ಲಿ, “ವಾರ್ಷಿಕೋತ್ಸವದ ಸಂಚಿಕೆಗೆ ಅಪ್ಪನ ಬಗ್ಗೆ ನೀವೇ ಬರೀಬೇಕು. ತಪ್ಪಾದ್ರೆ ಕ್ಷಮೆ ಕೇಳ್ತಿದ್ರಲ್ಲ, ಅದನ್ನ ಚೆನ್ನಾಗಿ ಬರೀರಿ.”

ಬರೆದೆ. ಮೇಷ್ಟ್ರ ಕಟ್ಟಳೆಯನ್ನು ವಿವರಿಸಿ, ಅದರಂತೆಯೇ ಅತ್ತಿಬೆಲೆಯ ಸುದ್ದಿಗೆ ಕ್ಷಮೆ ಕೇಳಿ ಲೇಖನ ಮುಗಿಸಿದೆ. ಸಂಚಿಕೆ ಬಂದಾಗ ಮೇಷ್ಟ್ರ ದೊಡ್ಡ ಫೋಟೊ ಇತ್ತು, ಕೆಳಗೆ ನನ್ನ ಹೆಸರಿತ್ತು. ಕ್ಷಮೆಯ ಸಾಲುಗಳು ಮಾತ್ರ ಇರಲಿಲ್ಲ. ಎದುರು ಪುಟದ ತುಂಬ ಅದೇ ಕಾರ್ಖಾನೆ ನಮಗೆ ಶುಭ ಕೋರಿತ್ತು.

ಅಂದೇ ರಾಜೀನಾಮೆ ಕೊಟ್ಟು, ವಿಷಯ ತಿಳಿಸಲು ಅತ್ತಿಬೆಲೆಗೆ ಹೋದೆ. ನಾನೇನೋ ತ್ಯಾಗ ಮಾಡಿದ್ದೇನೆ ಎಂಬ ಬಿಗುಮಾನ ಮನಸ್ಸಿನಲ್ಲಿ ಇದ್ದೇ ಇತ್ತು. ಆಕೆ ಬಟ್ಟೆ ಒಣಹಾಕುತ್ತಲೇ ಕೇಳಿಸಿಕೊಂಡಳು.

“ಸ್ಕೂಲ್ನಾಗೆ ನನ್ ಮಗಳನ್ನ ಕುಡುಕನ ಮಗ್ಳು ಅಂತಾವ್ರೆ. ನೀವ್ ಕೆಲ್ಸ ಬಿಟ್ರೆ ಅದು ನಿಲ್ತದಾ ಸಾರ್?”



ಮುಂದಿನ ಬೇಸಿಗೆಯಲ್ಲಿ ಮತ್ತೆ ಹೋದಾಗ ಮನೆಗೆ ಬೀಗ ಬಿದ್ದಿತ್ತು. ತಾಯಿ ಮಗಳು ಗಡಿಯಾಚೆ, ಹೊಸೂರಿನ ಕಡೆ, ಯಾರೂ ಕನ್ನಡ ಪೇಪರ್ ಓದದ ಬೀದಿಯೊಂದನ್ನು ಹುಡುಕಿಕೊಂಡು ಹೋದರೆಂದು ಪಕ್ಕದ ಮನೆಯವರು ಹೇಳಿದರು.