ಬಾವಿಗೆ ಬಿಟ್ಟ ಕಲ್ಲಪ್ಪ

ಸಾವಿರದ ಒಂಬೈನೂರಾ ನಲವತ್ತೆಂಟರಲ್ಲಿ, ಜಮಖಂಡಿ ಸಂಸ್ಥಾನ ಹೋಗಿ ನಾವು ಮುಂಬೈ ಸರಕಾರದವರಾದ ವರ್ಷ, ನಾನು ಆರನೆಯ ಇಯತ್ತೆಯಲ್ಲಿ ಸಾಲೆ ಬಿಟ್ಟೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಅಪ್ಪನ ಕಣ್ಣು ಮಂಜಾಗಿದ್ದವು, ಮನೆಯ ಮಗ್ಗ ಖಾಲಿ ಕೂತಿತ್ತು. ನಾಚಿಕೆಯಿರುವುದು ಅದಾಗಿ ಏಳು ವರ್ಷಕ್ಕೆ ಮಾಡಿದ ಇನ್ನೊಂದು ಕೆಲಸಕ್ಕೆ. ನನ್ನ ಹೆಂಡತಿ ಜೀವದಂತೆ ಸಾಕಿದ್ದ ಆಮೆಯನ್ನು ನಾನು ಬಾವಿಗೆ ಬಿಟ್ಟು ಕೊಂದೆ. ಕೊಂದು, ತಪ್ಪನ್ನು ಅವಳ ತಲೆಗೆ ಕಟ್ಟಿದೆ. ಅವಳು ಇಂದಿಗೂ ಅದನ್ನು ಹೊತ್ತುಕೊಂಡೇ ಓಡಾಡುತ್ತಾಳೆ.

ಒಂದು ಆಮೆಯ ಸಾವಿಗೆ ಇಷ್ಟು ಮಾತೇ ಎಂದು ನೀವು ನಗಬಹುದು. ನಗಿರಿ. ಆದರೆ ಓದಿ ನಗಿರಿ.

ನೀಲವ್ವ ಸಾವಳಗಿಯ ಒಕ್ಕಲುತನದ ಮನೆಯವಳು. ಅವಳು ಸಣ್ಣವಳಿದ್ದಾಗ ಅವರಪ್ಪನಿಗೆ ಹೊಲ ಹರಗುವಾಗ ಅಂಗೈಯಷ್ಟು ಆಮೆಮರಿ ಸಿಕ್ಕಿತ್ತಂತೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ಚಿಕ್ಕೆಯ ಹಾಗೆ ಹರಡಿದ್ದವು. ಅದು ಅವಳ ಸಂಗಡವೇ ಬೆಳೆಯಿತು. ತಾಯಿ ತೀರಿಕೊಂಡ ಮೇಲೆ ಹುಡುಗಿ ಮಾತಾಡುತ್ತಿದ್ದದ್ದೂ ಹೆಚ್ಚಾಗಿ ಅದರ ಜೊತೆಗೇ. ಮದುವೆಯಾಗಿ ಬನಹಟ್ಟಿಗೆ ಬರುವಾಗ ತವರಿನಿಂದ ಅವಳು ಬಾಯಿಬಿಟ್ಟು ಕೇಳಿ ತಂದದ್ದು ಅದೊಂದನ್ನೇ — ಬುತ್ತಿಯ ಬುಟ್ಟಿಯ ಪಕ್ಕ ಇನ್ನೊಂದು ಬುಟ್ಟಿ, ಮೇಲೆ ಒದ್ದೆ ಅರಿವೆ.

ಕಲ್ಲಿನಂತೆ ಕೂತಿರುತ್ತದೆಂದು ಅದಕ್ಕೆ ಕಲ್ಲಪ್ಪ ಎಂದು ಹೆಸರಿಟ್ಟಿದ್ದಳು. ನಮ್ಮ ಓಣಿಯಲ್ಲಿ ಹಿರಿಯರೊಬ್ಬರಿಗೂ ಅದೇ ಹೆಸರು. ಬಂದ ಹೊಸದರಲ್ಲಿ ಒಮ್ಮೆ ಹಿತ್ತಲಲ್ಲಿ ನಿಂತು, "ಕಲ್ಲಪ್ಪಾ, ಬಾ ಉಣ್ಣಾಕ" ಎಂದು ಕೂಗಿದಳು. ಗೋಡೆಯಾಚೆಯಿಂದ ಕಾಕಾ ಓಗೊಟ್ಟರು.

"ನನ್ನ ಕರದ್ಯೇನವ್ವಾ?"

"ಇಲ್ಲರಿ ಕಾಕಾ, ನಾಕ ಕಾಲಿನ ಕಲ್ಲಪ್ಪನ ಕರದೆ!"

"ಹಂಗಾರ ಇಬ್ಬರಿಗೂ ನೀಡು. ನಂದೂ ನಾಕ ಕಾಲ ಆಗೂ ವಯಸ್ಸು ಬಂತು."

ಆಮೆಗೆ ಮನುಷ್ಯರ ಗುರುತು ಇರುತ್ತದೆಂದು ಅಲ್ಲಿಯವರೆಗೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಬೇರೆ ಹೆಂಗಸರು ಬಂದರೆ ಚಿಪ್ಪಿನೊಳಗೆ ಸೇರುತ್ತಿತ್ತು. ನೀಲವ್ವನ ಬಳೆ ಸದ್ದಾದರೆ ಸಾಕು, ಕಾಳಿನ ಗುಮ್ಮಿಯ ಸಂದಿಯಿಂದ ಹೊರಬಿದ್ದು ಅವಳ ಹಿಂದೆ ಅಡುಗೆಮನೆ, ಹಿತ್ತಲು, ಪಡಸಾಲೆ ಎಲ್ಲ ತಿರುಗುತ್ತಿತ್ತು. ಗದ್ದದ ಕೆಳಗೆ ಬೆರಳಿನಿಂದ ತುರಿಸಿದರೆ ಕುತ್ತಿಗೆ ಉದ್ದ ಮಾಡಿ, ಕಣ್ಣು ಮುಚ್ಚಿ ನಿಲ್ಲುವುದು. ಹಕ್ಕರಕಿ ಸೊಪ್ಪನ್ನು ಅವಳ ಕೈಯಿಂದಲೇ ತಿನ್ನಬೇಕು — ನೆಲಕ್ಕೆ ಹಾಕಿದರೆ ಮುಖ ತಿರುಗಿಸುವಷ್ಟು ಸೊಕ್ಕು.

ನನ್ನನ್ನೂ ಅದು ಹಚ್ಚಿಕೊಂಡಿತು. ಇದನ್ನು ಬರೆಯದೆ ಹೋದರೆ ನನ್ನ ತಪ್ಪು ಸಣ್ಣದಾಗಿ ಕಾಣುತ್ತದೆ, ಅದಕ್ಕೆ ಬರೆಯುತ್ತೇನೆ. ನಮ್ಮದು ಕುಣಿಮಗ್ಗ; ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತೇವೆ. ಬೇಸಗೆಯಲ್ಲಿ ಆ ಕುಣಿ ತಂಪು. ಕಲ್ಲಪ್ಪ ಅಂಚಿಗೆ ಬಂದು ನಿಲ್ಲುತ್ತಿತ್ತು. ನಾನು ಎತ್ತಿ ಕೆಳಗೆ, ಮೂಲೆಯಲ್ಲಿ ಇಡುತ್ತಿದ್ದೆ. ಲಾಳಿಯ ಸದ್ದು ನಿಂತರೆ ಮಾತ್ರ ನಡೆದು ಬಂದು ನನ್ನ ಪಾದದ ಮೇಲೆ ಕುತ್ತಿಗೆ ಇಡುತ್ತಿತ್ತು. ಯಾಕೆ ನಿಲ್ಲಿಸಿದೆ ಎಂದು ಕೇಳಿದ ಹಾಗೆ — ಆ ತಣ್ಣನೆಯ ಚರ್ಮದ ಸ್ಪರ್ಶ ನನಗೆ ಈಗಲೂ —

ಇರಲಿ.

ನನ್ನ ಸ್ವಭಾವ ಹೇಳಬೇಕು. ಸಾಲೆ ಬಿಟ್ಟವನೆಂದು ಓರಗೆಯವರು ಆಡಿಕೊಂಡಿದ್ದರು. ಮಗ್ಗದ ವಿಷಯದಲ್ಲಾದರೂ ನನ್ನನ್ನು ನೋಡಿ ಯಾರೂ ನಗಬಾರದೆಂದು ಹಟ ಹಿಡಿದಿದ್ದೆ. ನನ್ನ ಸೀರೆಯಲ್ಲಿ ಗಂಟು ತೋರಿಸಿದವನಿಗೆ ಸೀರೆಯನ್ನೇ ಕೊಟ್ಟುಬಿಡುತ್ತೇನೆ ಎಂದು ಓಣಿಯಲ್ಲಿ ನಿಂತು ಹೇಳಿದವನು ನಾನು. ದುಡಿದೆ, ಸುಳ್ಳಲ್ಲ. ಆದರೆ ದುಡಿಮೆಗಿಂತ ಒಂದು ಗೇಣು ಮುಂದೆ ನನ್ನ ಸೊಕ್ಕು ನಡೆಯುತ್ತಿತ್ತು.

ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ನೂಲು. ಅದಕ್ಕೆ ಗಂಜಿ ಹಚ್ಚುವುದು ಬೆಳಗಿನ ತಂಪಿನಲ್ಲಿ, ಓಣಿಯಲ್ಲೇ. ಕವಲುಕೋಲುಗಳ ಮೇಲೆ ನೂಲನ್ನು ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟುತ್ತೇವೆ. ನಾನೊಂದು ಕಡೆ, ನೀಲವ್ವ ಒಂದು ಕಡೆ, ಗಂಜಿ ಒಣಗುವುದರೊಳಗೆ ಕುಂಚ ಎಳೆಯಬೇಕು. ಒಂದು ದಿನ ಅವಳ ಬಳೆ ಸದ್ದು ಕೇಳಿ ಕಲ್ಲಪ್ಪ ಮನೆಯಿಂದ ಹೊರಬಿತ್ತು. ನೇರ ಹಾಸಿನ ಕೆಳಗೆ ಹೊರಟಿತು, ಅವಳನ್ನು ಸೇರಲು. ದಾರಿಗೆ ಅಡ್ಡ ಬಂದ ಕವಲುಕೋಲನ್ನು ಚಿಪ್ಪಿನಿಂದ ನೂಕಿತು. ಕೋಲು ಬಿತ್ತು. ಒದ್ದೆ ಹಾಸು ಜೋತು ಮಣ್ಣು ಹಿಡಿಯಿತು, ಎಳೆಗಳು ಚಿಪ್ಪಿಗೆ ಅಂಟಿದವು. ಅದು ಅವನ್ನು ಎಳೆದುಕೊಂಡೇ ನಡೆಯಿತು.

ಎದುರು ಮನೆಯ ಸಂಗಪ್ಪ ನನ್ನ ಜೊತೆ ಸಾಲೆಗೆ ಹೋಗಿದ್ದವನು, ಅವನೂ ನೇಕಾರನೇ. ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟು ಕೂಗಿದ.

"ಏ ಮಲ್ಲ್ಯಾ, ನೀನಂತೂ ಸಾಲಿ ಕಲೀಲಿಲ್ಲ. ಆಮಿಗರ ನೇಯೂದು ಕಲಿಸಾಕತ್ತೀಯೇನಲೇ?"

"ಬಿಡೋ ಸಂಗ್ಯಾ, ಇನ್ನ ಮ್ಯಾಲೆ ಮಲ್ಲ್ಯಾ ಕುಂತು ಉಣ್ಣಾಂವ. ನೇಯಾಕ ಆಳು ಬಂತಲಾ!" ಎಂದರು ಇನ್ನೊಬ್ಬರು.

ಓಣಿಯೆಲ್ಲ ನಕ್ಕಿತು. ನೀಲವ್ವನೂ ಸೆರಗು ಬಾಯಿಗಿಟ್ಟು ನಕ್ಕಳು — ಆ ನಗೆಯಲ್ಲಿ ಏನೂ ಇರಲಿಲ್ಲ, ನನಗದು ಆಗಲೂ ಗೊತ್ತಿತ್ತು. ನಗುತ್ತಲೇ ಓಡಿ ಬಂದು ಎಳೆ ಬಿಡಿಸಿದಳು. ಆ ದಿನವೆಲ್ಲ ಕೂತು ಮಣ್ಣು ತೊಳೆದಳು, ಹರಿದ ಎಳೆಗಳನ್ನು ಕೂಡಿಸಿದಳು. ಹಾಸು ಕೆಡಲಿಲ್ಲ. ಕೆಟ್ಟದ್ದು ನನ್ನ ತಲೆ.

ಅದೇ ವಾರ ಅವಳು ತೇರದಾಳಕ್ಕೆ, ಸಂಬಂಧಿಕರ ಮನೆಯ ಕೂಸಿನ ಹೆಸರಿಡುವುದಕ್ಕೆ ಹೋದಳು. ಹೋಗುವಾಗ ಹಿತ್ತಲ ಕದದಿಂದ ಹೋದಳು. ಒಂದು ರಾತ್ರಿ ಉಳಿದು ಬರುವವಳಿದ್ದಳು.

ನಮ್ಮ ಕಡೆ ಹೊಸ ಬಾವಿಗೆ ಆಮೆ ಬಿಡುವ ರೂಢಿ ಉಂಟು. ಹುಳಹುಪ್ಪಡಿ ತಿಂದು ನೀರು ಚೊಕ್ಕ ಇಡುತ್ತದೆಂದು. ಓಣಿಯ ಬಾವಿಯಲ್ಲೂ ಅಂಥವು ಇದ್ದವು, ಬಿಸಿಲಿಗೆ ಮೇಲೆ ಬಂದು ತೇಲುತ್ತಿದ್ದವು. ಆಮೆಯೆಂದರೆ ನೀರಿನದು, ನೀರಿಗೆ ಬಿಟ್ಟರೆ ಪಾಪವಲ್ಲ, ಪುಣ್ಯ — ಹೀಗೆಂದು ನನಗೆ ನಾನೇ ಹೇಳಿಕೊಂಡೆ.

ಗೊತ್ತಿರಲಿಲ್ಲ ಎಂದು ಇಲ್ಲಿ ಬರೆದರೆ ಅದು ಅರ್ಧ ಸುಳ್ಳು. ನೀಲವ್ವ ಅದಕ್ಕೆ ಅಗಲ ತಾಟಿನಲ್ಲಿ, ಬೆರಳು ನೆನೆಯುವಷ್ಟೇ ನೀರು ಇಡುತ್ತಿದ್ದಳು. ಯಾಕೆ ಎಂದು ಕೇಳಿದ್ದೆ. "ಇದು ಹೊಲದ ಆಮಿರಿ, ಈಜು ಬರೂದಿಲ್ಲ" ಎಂದಿದ್ದಳು. ಕೇಳಿದ್ದೆ, ಕೆಲಸದಲ್ಲಿದ್ದವನು ಕೇಳುವ ಹಾಗೆ. ಅವಳು ತೇರದಾಳಕ್ಕೆ ಹೋದ ಮಧ್ಯಾಹ್ನ ಆ ಮಾತು ನೆನಪಿಗೆ ಬಂತೋ, ಬರಲಿಕ್ಕೆ ನಾನು ಬಿಡಲಿಲ್ಲವೋ — ಇಷ್ಟು ವರ್ಷ ಕೆದಕಿದರೂ ತಳ ಸಿಕ್ಕಿಲ್ಲ.

ಓಣಿ ಉಂಡು ಮಲಗಿತ್ತು. ಹಕ್ಕರಕಿ ಹಿಡಿದು "ಕಲ್ಲಪ್ಪಾ" ಎಂದೆ. ಅದು ಬಂತು. ನಾನು ಹಿಡಿಯಬೇಕಾಗಲಿಲ್ಲ, ಹುಡುಕಬೇಕಾಗಲಿಲ್ಲ — ಕರೆದೆ, ತಾನಾಗಿ ನಡೆದು ಬಂದು ನನ್ನ ಅಂಗೈಯಲ್ಲಿ ಗದ್ದವಿಟ್ಟಿತು. ಬೇರೆ ಯಾರೇ ಕರೆದಿದ್ದರೂ ಅದು ಬರುತ್ತಿರಲಿಲ್ಲ, ಬದುಕುತ್ತಿತ್ತು.

ಧೋತರದಲ್ಲಿ ಸುತ್ತಿ ಬಾವಿಗೆ ಒಯ್ದು, ಬಕೀಟಿನಲ್ಲಿಟ್ಟು ಇಳಿಸಿದೆ. ನೀರು ಮುಟ್ಟಿದರೂ ಹೊರಗೆ ಬರಲಿಲ್ಲ. ಹಗ್ಗ ಜಗ್ಗಿ ಹೊರಳಿಸಿದೆ. ಬಿದ್ದು ಕಾಲು ಬಡಿಯಿತು. ಗೋಡೆಯ ಕಲ್ಲಿಗೆ ಉಗುರು ಹಚ್ಚಿತು, ಜಾರಿತು. ನನಗೆ ಕೆಮ್ಮು ಬಂತು. ಆ ದನಿ ಕೇಳಿ ಅದು ಕತ್ತೆತ್ತಿತು. ನಾನಿದ್ದ ಕಡೆಗೆ ತಿರುಗಿ ಬಡಿಯತೊಡಗಿತು.

ಬಕೀಟು ಇನ್ನೂ ನನ್ನ ಹಗ್ಗದಲ್ಲೇ ಇತ್ತು. ಮತ್ತೆ ಇಳಿಬಿಟ್ಟು ಎತ್ತಿಕೊಳ್ಳಬಹುದಿತ್ತು.

ಬಕೀಟು ಮೇಲೆಳೆದುಕೊಂಡು ಮನೆಗೆ ಬಂದು ಮಗ್ಗಕ್ಕೆ ಕೂತೆ. ಚಲೋ ನೇಯ್ದೆ ಆ ದಿನ.

ಮರುದಿನ ನಸುಕಿನಲ್ಲಿ ಹೋದಾಗ ಅದು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಯಿಂದ ಎಳೆದು ತೆಗೆದು, ಯಾರೂ ಏಳುವ ಮೊದಲೇ ಕಳ್ಳಿಬೇಲಿಯ ಕೆಳಗೆ ಹುಗಿದೆ.

ನೀಲವ್ವ ಬಂದವಳು ಕಾಲು ಸಹ ತೊಳೆಯಲಿಲ್ಲ.

"ಕಲ್ಲಪ್ಪ ಎಲ್ಲಿ ಅದಾನರಿ? ಕರದರ ಬರವಲ್ಲ."

"ಹಿತ್ತಲ ಕದಾ ತೆರದಿತ್ತು. ಹೊರಗ ಹೋಗಿರಬೇಕು."

ಅವಳು ನಿಂತಲ್ಲೇ ನಿಂತಳು. "ನಿನ್ನೆ ಆ ಕದದಿಂದನ ಹೋದೆ ನಾ… ಹೊರಗಿನ ಅಗಳಿ ಹಾಕಲಿಲ್ಲೇನು?"

ಹಾಕಿದ್ದಿ ಎನ್ನಲು ನನಗೆ ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತ್ತು. ನಾನು ಅಂದದ್ದು ಇದು: "ಮರತಿರಬೇಕು ನೀ."

ಇದೇ ಆ ತಪ್ಪು. ಬಾವಿಯಲ್ಲಿ ಮಾಡಿದ್ದಕ್ಕಿಂತ ದೊಡ್ಡದು.

ಅವಳ ಜೊತೆ ನಾನೂ ಹುಡುಕಿದೆ! ರಬಕವಿ ದಾರಿಯ ಹೊಲಗಳಲ್ಲಿ ಬಗ್ಗಿ ಬಗ್ಗಿ ನೋಡಿದೆ, ಎದುರಾದ ದನಗಾಹಿಗಳನ್ನು ಕೇಳಿದೆ. ಅವಳು ಬಹಳ ದಿನ ಸಂಜೆಗೆ ಹಕ್ಕರಕಿ ಹಿಡಿದು ಕದದಲ್ಲಿ ಕೂಡುತ್ತಿದ್ದಳು. ಆಮೇಲೆ ಕೂಡುವುದನ್ನು ಬಿಟ್ಟಳು. ಮತ್ತೆ ಮನೆಯಲ್ಲಿ ಬೆಕ್ಕು, ಗಿಳಿ, ಆಡು ಏನನ್ನೂ ಸಾಕಲಿಲ್ಲ. "ನಾ ಮರವಿನಾಕಿ" ಎಂಬುದು ಅವಳ ಬಾಯಲ್ಲಿ ಕೂತುಬಿಟ್ಟಿತು. ಮಕ್ಕಳು ಸಣ್ಣವಿದ್ದಾಗ ಒಲೆ ಆರಿಸಿದ್ದನ್ನು ನನ್ನಿಂದ ನೋಡಿಸುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಒಂದು ಸೂಜಿ ಇಟ್ಟ ಜಾಗ ಮರೆತದ್ದನ್ನೂ ನಾನು ಕಂಡಿಲ್ಲ. ಓಣಿಯಲ್ಲಿ ಅವಳಷ್ಟು ನೆನಪಿನವಳು ಇನ್ನೊಬ್ಬಳಿಲ್ಲ. ನನ್ನ ಒಂದು ಮಾತಿನಿಂದ ಅವಳಿಗೆ ತನ್ನ ಮೇಲಿನ ನಂಬಿಕೆಯೇ ಹೋಯಿತು.

ಹೋದ ವಾರ ಸೊಸೆ ಮೊಮ್ಮಗಳನ್ನು ಇವಳ ತೊಡೆಯ ಮೇಲೆ ಹಾಕಿ, "ಅತ್ತಿ, ಸಂತಿಗೆ ಹೋಗಿ ಬರ್ತೇನ್ರಿ" ಎಂದಳು. ನೀಲವ್ವ ಕೂಸನ್ನು ತಿರುಗಿ ಅವಳ ಕಡೆ ಚಾಚಿದಳು.

"ಬ್ಯಾಡವಾ, ಕೂಸಿನ ನನ್ನೊಬ್ಬಾಕಿ ಕೈಯಾಗ ಬಿಡಬ್ಯಾಡ. ನಾ ಮರವಿನಾಕಿ. ಮಾವಗ ಹೇಳಿ ಹೋಗು, ಅವರು ನೆಪ್ಪಿನವರು."

ನಾನು ಮಗ್ಗದ ಮೇಲಿದ್ದೆ. ಲಾಳಿ ಬಿಟ್ಟು ಮೇಲೆ ಬಂದೆ. ಸುಳ್ಳು ಹೇಳಿದವನ ಕೈಗೆ ಕೂಸು ಬಂತು. ಸಾಕಿ ಗೊತ್ತಿದ್ದವಳ ಕೈ ಖಾಲಿಯಾಯಿತು.

ಅವಳಿಗೆ ಓದು ಬಾರದು. ಮನೆಗೆ ಬಂದ ಕಾಗದವನ್ನೆಲ್ಲ ಓದಿ ಹೇಳುವವನು ನಾನೇ. ಒಂದು ಸಾಲು ಹಾರಿಸಿ ಓದಿದರೂ ಅವಳಿಗೆ ತಿಳಿಯುವುದಿಲ್ಲ. ಹಾರಿಸುವುದಿಲ್ಲ. ಈ ಬರಹ ನಿಮ್ಮ ಕೈ ಸೇರುವ ಮೊದಲು, ಸಂಗಪ್ಪನ ಮಾತಿನಿಂದ ಹಿಡಿದು ಬಾವಿಯವರೆಗೆ, ಬಾವಿಯಿಂದ ಅಗಳಿಯವರೆಗೆ, ಅವಳೆದುರು ಕೂತು ಓದುತ್ತೇನೆ. ಅವಳು ಕ್ಷಮಿಸಲಿ ಎಂದಲ್ಲ. ಅದನ್ನು ಕೇಳುವ ಮುಖ ನನಗಿಲ್ಲ. ಅವಳು ಆ ದಿನ ಕದ ಹಾಕಿಯೇ ಹೋಗಿದ್ದಳೆಂಬುದು ಅವಳಿಗೆ ತಿಳಿಯಲಿ ಎಂದು. ಆಮೇಲೆ ಅವಳು ಏನು ಅಂದರೂ, ಏನೂ ಅನ್ನದಿದ್ದರೂ —

ಇಂದಿಗೆ ನನ್ನ ಹತ್ತಿರ ಇರುವುದು ಇಷ್ಟು: ಸ್ವಂತದ ಮಗ್ಗ ಎರಡು. ಹಂಚಿನ ಮನೆ ಒಂದು. ಮಗ ಒಬ್ಬ, ಮಗಳು ಒಬ್ಬಳು, ಸೊಸೆ ಒಬ್ಬಳು, ಮೊಮ್ಮಗಳು ಒಬ್ಬಳು. ನಾನು ಹೇಳಿದ್ದನ್ನೆಲ್ಲ ಇಂದಿನವರೆಗೂ ನಂಬಿಕೊಂಡು ಬಂದ ಹೆಂಡತಿ ಒಬ್ಬಳು.